ಸೀಗಿ ಹುಣ್ಣಿಮೆಯ ಶೈಕ್ಷಣಿಕ ಪ್ರವಾಸ

ದುಂಡೇಶನ ಟಂಟಂ ಆ ದಿನ ಖಾಲಿ ಇತ್ತು. ನಡೆದ ಅನಾಹುತಕ್ಕೆಲ್ಲ ಅದೇ ಮೂಲ.

ಭರಣಿಯೊಳಗೆ ಮಾವಿನ ಹೋಳು ಒತ್ತಿದ ಹಾಗೆ ಊರ ಮಕ್ಕಳನ್ನು ಒತ್ತಿಕೊಂಡು ದಿನಾಲೂ ಒಂದು ಖಾಸಗಿ ಶಾಲೆಗೆ ಸಾಗಿಸುವ ಮೂರು ಗಾಲಿಯ ಗಾಡಿ ಅದು. ದಸರೆ ಮುಗಿದು ಶಾಲೆ ಮತ್ತೆ ಶುರುವಾದ ವಾರದಲ್ಲೇ ಇಡೀ ದಿನ ಖಾಲಿ ಸಿಗುತ್ತದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಆ ಕಾರಣವನ್ನು ಬನಹಟ್ಟಿಯ ನಂದಾ ಕೇಳಲಿಲ್ಲ. ಜಮಖಂಡಿಯ ಶೀತಲ್ ಕೂಡ ಕೇಳಲಿಲ್ಲ. ಇಬ್ಬರೂ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವವರು. ಶಾಲೆಯನ್ನೇ ಬಿಟ್ಟವರಿಗೆ ಶಾಲೆಯ ರಜೆಯ ಪಟ್ಟಿ ಯಾಕೆ? ಕಾರಣ ಗೊತ್ತಿದ್ದವನು ದುಂಡೇಶ ಒಬ್ಬನೇ. ಅವನು ಹೇಳಲಿಲ್ಲ. ಅವನಿಗೆ ಅವನದೇ ಯೋಜನೆ ಇತ್ತು.

ನಂದಾ ನೇಕಾರರ ಮನೆಯ ಸೊಸೆ. ಮಗಳು ಭಾಗ್ಯಾಗೆ ಒಂಬತ್ತು ವರ್ಷ. ಹೋದ ವರ್ಷವಿಡೀ ಭಾಗ್ಯಾಗೆ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಭಾನುವಾರ ಮಾತ್ರ ಬರುತ್ತಿರಲಿಲ್ಲ. ಡಾಕ್ಟರು ಜಂತಿನ ಔಷಧ ಕೊಟ್ಟರು. ಅತ್ತೆ ರುಕ್ಮವ್ವ ದೃಷ್ಟಿ ತೆಗೆದಳು. ನಂದಾ ಒಂದು ಮಧ್ಯಾಹ್ನ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಕೇಳಿದಾಗ ಹುಡುಗಿ ಹೇಳಿದ್ದಿಷ್ಟು: ‘ಅವ್ವಾ, ಅಲ್ಲಿ ಪ್ರಶ್ನಾ ಟೀಚರ್ ಅಷ್ಟ ಕೇಳಬೇಕಂತ. ನಾ ಕೇಳಿದ್ರ ಎದ್ದು ನಿಂದರಸ್ತಾರ.’ ಜೂನ್ ತಿಂಗಳಲ್ಲಿ ನಂದಾ ಮಗಳನ್ನು ಶಾಲೆ ಬಿಡಿಸಿದಳು. ಗಂಡ ಮಾಂತೇಶ ಬೇಡ ಎನ್ನಲಿಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಅವನಿಗೆ ಹೆಂಡತಿಯ ಮಾತೂ ಕೇಳಿಸುತ್ತಿರಲಿಲ್ಲ, ಅಪ್ಪನ ಮಾತೂ ಕೇಳಿಸುತ್ತಿರಲಿಲ್ಲ. ಆ ಮನೆಯಲ್ಲಿ ಅವನೊಬ್ಬನೇ ಸುಖಿ.

ಆಮೇಲೆ ಶೀತಲ್ ಸಿಕ್ಕಳು. ಎಂಟು ವರ್ಷದ ಮಗ ಈಶ್ವರನನ್ನು ಅವಳೂ ಮನೆಯಲ್ಲೇ ಕಲಿಸುತ್ತಿದ್ದಳು. ಯಾವುದೋ ದೇಶದ ತಾಯಂದಿರ ವಿಡಿಯೋಗಳನ್ನು ನೋಡಿ ನೋಡಿ ಪಳಗಿದವಳು. ಬಣ್ಣಬಣ್ಣದ ವೇಳಾಪಟ್ಟಿ ಮಾಡಿ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ತರುತ್ತಿದ್ದಳು. ದಸರೆ ಹತ್ತಿರ ಬಂದಾಗ ‘ಇದು ಎಲೆ ಉದುರೂ ಕಾಲ’ ಎಂದು ಸಾರಿ, ಕೆಂಪೆಲೆ, ಹಳದಿ ಎಲೆ ಆರಿಸಿ ತರಲು ಮಕ್ಕಳನ್ನು ಅಟ್ಟಿದಳು. ಬನಹಟ್ಟಿಯ ಬೇವಿನ ಗಿಡಗಳಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಎರಡು ತಾಸು ಅಲೆದ ಮಕ್ಕಳು ಕೊನೆಗೆ ಕಬ್ಬಿನ ಒಣ ಗರಿ ತಂದರು. ಜೊತೆಗೆ ಮೊಣಕೈತನಕ ಗೀರು. ಆ ವಾರದ ಆರೋಗ್ಯ ಪಾಠ ಅದರಲ್ಲೇ ಮುಗಿಯಿತು.

ಸೋಮವಾರ ಮಣ್ಣಿನ ಕೆಲಸ, ಮಂಗಳವಾರ ಹಾರ್ಮೋನಿಯಂ, ಬುಧವಾರ ಈಜು, ಗುರುವಾರ ಎಲ್ಲ ಮನೆಯವರೂ ಕೂಡಿ ಕಲಿಸುವ ಸಹಕಾರಿ ಕಲಿಕೆ, ಶುಕ್ರವಾರ ಚಿತ್ರ, ಶನಿವಾರ ಪ್ರವಾಸ. ಮನೆಯಲ್ಲಿ ಕಲಿಸುವುದು ಎಂದು ಅದಕ್ಕೆ ಹೆಸರು. ಮನೆಯಲ್ಲಿ ಇರಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಗುರುವಾರದ ಗುಂಪಿಗೆ ಶೀತಲ್ ‘ಬಯಲು ಸಹಕಾರಿ ಕಲಿಕಾ ಬಳಗ’ ಎಂದು ಹೆಸರಿಟ್ಟಿದ್ದಳು. ಸಹಕಾರಿ ಎಂದ ಕೂಡಲೇ ಓಣಿಯವರು, ಅಧ್ಯಕ್ಷರು ಯಾರು, ಚುನಾವಣೆ ಯಾವಾಗ ಎಂದು ವಿಚಾರಿಸತೊಡಗಿದರು. ಬಳಗದಲ್ಲಿ ಇದ್ದದ್ದೇ ಮೂರು ಮನೆ. ಅಷ್ಟಕ್ಕೇ ಎರಡು ಪಕ್ಷ ಆಗುವ ಲಕ್ಷಣ ಕಂಡಿದ್ದರಿಂದ ಅವರ ಪ್ರಶ್ನೆ ತಪ್ಪೆನ್ನುವಂತಿರಲಿಲ್ಲ.

ಮೂರನೆಯ ಮನೆಯೇ ದುಂಡೇಶನದು. ಊರ ಮಕ್ಕಳನ್ನೆಲ್ಲ ಶಾಲೆಗೆ ಮುಟ್ಟಿಸುವವನು ತನ್ನ ಮಗ ಭೀಮಶಿಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡಿದ್ದ. ಮುಧೋಳದ ಕಡೆಯ ಕುರಿಗಾರರ ಮನೆತನ ಅವನದು. ಯಾಕಪ್ಪಾ ಹೀಗೆ ಎಂದು ಕೇಳಿದವರಿಗೆ ಅವನ ಉತ್ತರ ಒಂದೇ: ‘ಮುಂಜಾನೆ ಆ ಹುಡುಗೋರ ಮಾರಿ ನೋಡೀರೇನ್ರಿ? ಸಂತಿಗೆ ಹೊಂಟ ಕುರಿನೂ ಅಷ್ಟ ಸಪ್ಪಗ ಇರಂಗಿಲ್ಲ.’

ಇಷ್ಟಾದರೂ ನಂದಾಳ ಮಾವ ಮಲಕಾಜಪ್ಪನಿಗೆ ಸಮಾಧಾನವಿರಲಿಲ್ಲ. ಕಟ್ಟೆಯ ಮೇಲೆ ಕೂತರೆ ಹಾದು ಹೋಗುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಮೊಮ್ಮಗಳು ಯಾಕೆ ಶಾಲೆಗೆ ಹೋಗಿಲ್ಲ? ಮೊದಲು ಆರಾಮಿಲ್ಲ ಎಂದ. ನಾಲ್ಕು ತಿಂಗಳು ಆರಾಮಿಲ್ಲ ಎಂದು ಹೇಳಿದ ಮೇಲೆ ಓಣಿಯವರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಆ ಹಣ್ಣು ತಿಂದು ಮುಗಿದ ದಿನವೇ ಮುದುಕ ತೀರ್ಮಾನ ಮಾಡಿದ. ಇನ್ನೊಂದು ಪ್ರವಾಸ ಆಗಲಿ. ಅಂದು ಸಂಜೆ ಐದಕ್ಕೆ ಎದುರು ಮನೆಯ ಬಸಗೊಂಡಪ್ಪ ಮಾಸ್ತರು ಹುಡುಗಿಯ ಪರೀಕ್ಷೆ ಮಾಡಲಿ. ಪಾಸಾದರೆ ಮನೆಯಲ್ಲೇ ಕಲಿಯಲಿ. ನಪಾಸಾದರೆ ದೀಪಾವಳಿ ಮುಗಿದ ಮರುದಿನವೇ ಶಾಲೆ.

ಬಸಗೊಂಡಪ್ಪ ಮಾಸ್ತರು ಮೂವತ್ತೆಂಟು ವರ್ಷ ಮಾಸ್ತರಿಕೆ ಮಾಡಿ, ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಅವರು ಅಂಗಳಕ್ಕೆ ಬಂದರೆ ಓಣಿಯ ಕೋಳಿಗಳು ಈಗಲೂ ಗದ್ದಲ ನಿಲ್ಲಿಸುತ್ತಿದ್ದವು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಬೆನ್ನು ನೆಟ್ಟಗಾಯಿತು. ಏನೇನು ನೋಡುತ್ತೀರಿ ಎಂಬುದನ್ನು ಬರೆದು ಕೊಡಿ ಎಂದರು. ಶೀತಲ್ ಬರೆದು ಕೊಟ್ಟಳು: ಒಂದು, ತಿಮ್ಮಾಪುರದಲ್ಲಿ ಮುಧೋಳ ನಾಯಿ. ಎರಡು, ಸಮೀರವಾಡಿಯಲ್ಲಿ ಕಬ್ಬಿನಿಂದ ಸಕ್ಕರೆ. ಮೂರು, ತುಬಚಿಯಲ್ಲಿ ಹೊಳೆಯ ನೀರು ಮೇಲಕ್ಕೆ ಏರುವ ಬಗೆ. ನಕಾಶೆಯಲ್ಲಿ ಮೂರೂ ಒಂದೇ ಗೇಣಿನೊಳಗೆ ಇದ್ದವು. ಟಂಟಂ ನಕಾಶೆಯ ಮೇಲೆ ಓಡುವುದಿಲ್ಲ ಎಂಬುದು ಅವಳ ಪಟ್ಟಿಯಲ್ಲಿ ಇರಲಿಲ್ಲ.

ಹೊರಡುವ ಮುಂಜಾನೆ ರುಕ್ಮವ್ವ ಹೊಸ್ತಿಲಲ್ಲಿ ನಿಂತು ಹೇಳಿದಳು, ‘ಇವತ್ತ ಸೀಗಿ ಹುಣ್ಣಿವಿ ಬೇ. ಹಾದ್ಯಾಗ ನಿಮ್ಮನ್ನ ಯಾರೂ ಬಿಡಂಗಿಲ್ಲ.’

‘ನಮಗೆಲ್ಲಿ ಹೊಲ ಐತಿ ಅತ್ತಿ?’ ಎಂದಳು ನಂದಾ.

ನೇಕಾರರ ಮನೆಯ ಲೆಕ್ಕಕ್ಕೆ ಅದು ಸರಿಯಾದ ಮಾತೇ. ಏಳು ತಲೆಮಾರಿನಿಂದ ಅವರ ಬೆಳೆ ಬೆಳೆದದ್ದೆಲ್ಲ ಮಗ್ಗದ ಮೇಲೆ. ಸೀಗಿ ಹುಣ್ಣಿಮೆ ಹೊಲ ಇದ್ದವರ ಹಬ್ಬ, ಅವರ ಪಾಡಿಗೆ ಅವರು ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಡಿ ತುಂಬಿ, ಎಡೆಯನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಉಂಡು ಬರುತ್ತಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಹೊಲ ಇದ್ದವರ ಹಬ್ಬ ರಸ್ತೆಯಲ್ಲಿ ಹೋಗುವವರ ಮೇಲೂ ಬೀಳುತ್ತದೆ ಎಂಬುದು ಗೊತ್ತಿರಲಿಲ್ಲ.

ಎಂಟು ಗಂಟೆಗೆ ಟಂಟಂ ಹೊರಟಿತು. ಒಳಗೆ ಇಬ್ಬರು ತಾಯಂದಿರು, ಮೂವರು ಮಕ್ಕಳು, ಶೀತಲ್‌ಳ ಒಂದು ಚೀಲ ಪ್ರಶ್ನೆಪತ್ರಿಕೆ, ಬೆಲ್ಲ ಸಕ್ಕರೆ ಸೋಕಿಸದ ನವಣೆ ಉಂಡೆಯ ಡಬ್ಬಿ. ಮಹಾಲಿಂಗಪುರ ದಾಟುವವರೆಗೆ ನಂದಾಗೆ ಏನೋ ಹಗುರ ಅನ್ನಿಸುತ್ತಿತ್ತು. ಯಾಕೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ದಾರಿಯಲ್ಲಿ ಯಾರೂ ‘ಹುಡುಗೋರು ಸಾಲಿಗೆ ಹೋಗಿಲ್ಲೇನು’ ಎಂದು ಕೇಳಿರಲಿಲ್ಲ. ಜನ ಸುಧಾರಿಸಿದರು ಎಂದುಕೊಂಡಳು.

ಹೊಸ ಸೀರೆ ಉಟ್ಟ ಹೆಂಗಸರು, ತಲೆಯ ಮೇಲೆ ಬುಟ್ಟಿ, ಟ್ರ್ಯಾಕ್ಟರಿನ ತುಂಬ ಮನೆಮಂದಿ. ರಸ್ತೆಯ ಎರಡೂ ಬದಿ ಹೊಲಗಳಲ್ಲಿ ಜನವೇ ಜನ. ಒಂದು ತಿರುವಿನಲ್ಲಿ ಎಪ್ಪತ್ತರ ಮುದುಕಿಯೊಬ್ಬಳು ನಡುರಸ್ತೆಗೆ ಬಂದು ಎರಡೂ ಕೈ ಅಗಲಿಸಿ ನಿಂತಳು. ದುಂಡೇಶ ಗಾಡಿ ನಿಲ್ಲಿಸಿದ. ಮುದುಕಿಯ ಹೆಸರು ತಾಯವ್ವ, ಯಾರಿಗೂ ಪರಿಚಯವಿಲ್ಲ. ಪರಿಚಯ ಬೇಕು ಎಂದು ಅವಳಿಗೂ ಅನ್ನಿಸಿರಲಿಲ್ಲ.

‘ಇಳೀರಿ. ಉಂಡ ಹೋಗೂದು.’

ಹೊತ್ತಾಗುತ್ತದೆ ಎಂದು ನಂದಾ ಬೇಡಿಕೊಂಡಳು. ಊಟ ನಾವೇ ತಂದಿದ್ದೇವೆ ಎಂದು ಶೀತಲ್ ಡಬ್ಬಿ ತೆಗೆದು ತೋರಿಸಿದಳು. ತಾಯವ್ವ ಒಂದು ನವಣೆ ಉಂಡೆಯನ್ನು ಅರ್ಧ ಕಚ್ಚಿ ನೋಡಿದಳು. ಉಳಿದರ್ಧವನ್ನು ಪಕ್ಕದ ಎತ್ತಿನ ಬಾಯಿಗೆ ಹಿಡಿದಳು. ಎತ್ತು ಅದನ್ನು ಮೂಸಿ, ನಾನೇನು ತಪ್ಪು ಮಾಡಿದೆ ಎಂಬಂತೆ ಅವಳ ಮುಖ ನೋಡಿತು.

‘ಚರಗ ಚೆಲ್ಲಿದ ದಿನ ಹಾದೀಲೆ ಹೋಗೂ ಕೂಸುಗಳು ಬರಿಹೊಟ್ಟಿಲೆ ಹೋದ್ರ ನನ್ನ ಬೆಳಿ ಬರತೈತೇನವಾ?’ ಎಂದಳು ತಾಯವ್ವ. ಇನ್ನೊಬ್ಬರ ಬೆಳೆಯ ಹೊಣೆ ಹೊತ್ತು ಮುಂದೆ ಹೋಗುವ ಧೈರ್ಯ ಯಾರಿಗಿದೆ? ಇಳಿದರು. ಐದು ನಿಮಿಷ ಎಂದಿದ್ದು ಐವತ್ತು ನಿಮಿಷವಾಯಿತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೇಲೆ ಮೊಸರನ್ನ. ಎಲೆಯಲ್ಲಿ ಜಾಗ ಕಂಡರೆ ತಾಯವ್ವನಿಗೆ ಅದು ಅವಮಾನ.

ಮತ್ತೆ ಗಾಡಿ ಹತ್ತಿ ಎರಡು ಮೈಲಿ ಹೋಗುವುದರಲ್ಲಿ ಇನ್ನೊಂದು ಹೊಲದವರು ಅಡ್ಡ ಬಂದರು. ಅಲ್ಲಿ ಕರಿಗಡುಬು. ನಂದಾ ಮಡಿಲಲ್ಲಿ ಫೋನು ಇಟ್ಟುಕೊಂಡು ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಕಡುಬಿನ ಮೇಲೆ ಇಟ್ಟು ಉಂಡಳು. ಹನ್ನೊಂದಾಗಿತ್ತು. ಇನ್ನು ಯಾರು ಕರೆದರೂ ನಿಲ್ಲಿಸಬೇಡ ಎಂದು ದುಂಡೇಶನಿಗೆ ಆಣೆ ಹಾಕಿದಳು. ಅವನು ಭಕ್ತಿಯಿಂದ ತಲೆ ಆಡಿಸಿ, ಮುಂದಿನ ಕೂಡುರಸ್ತೆಯಲ್ಲಿ ಡಾಂಬರು ಬಿಟ್ಟು ಬಂಡಿದಾರಿಗೆ ಗಾಡಿ ತಿರುಗಿಸಿದ.

ನಕಾಶೆಯಲ್ಲಿ ದಾರಿ ನೆಟ್ಟಗಿದೆ ಎಂದು ಶೀತಲ್ ಫೋನು ಮುಂದೆ ಹಿಡಿದಳು.

‘ಇದು ಸನೇದ ಹಾದಿ ರೀ,’ ಎಂದ ದುಂಡೇಶ.

ಆ ಹತ್ತಿರದ ದಾರಿ ಒಂದು ಬನ್ನಿಗಿಡದ ಕೆಳಗೆ ಮುಗಿಯಿತು. ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವುಗಳ ಮುಂದೆ ಎಡೆ. ಅದರ ಪಕ್ಕ ದುಂಡೇಶನ ಅವ್ವ ಹಣಮವ್ವ, ಅಪ್ಪ ಗಿರಮಲ್ಲಪ್ಪ, ಹಿಂದೆ ಅವರ ನಾಲ್ಕು ಎಕರೆ ಹೊಲ. ಹಬ್ಬದ ದಿನ ಮೊಮ್ಮಗನನ್ನು ಕರೆದುಕೊಂಡು ಬರದಿದ್ದರೆ ಮನೆ ಮೆಟ್ಟಿಲು ತುಳಿಯಬೇಡ ಎಂದು ಹಣಮವ್ವ ವಾರದ ಹಿಂದೆಯೇ ಹೇಳಿ ಕಳಿಸಿದ್ದಳಂತೆ. ಟಂಟಂ ಖಾಲಿ ಇದ್ದದ್ದು ಶಾಲೆಗೆ ರಜೆ ಇದ್ದುದರಿಂದ, ರಜೆ ಇದ್ದದ್ದು ವಾಲ್ಮೀಕಿ ಜಯಂತಿಯಿಂದ, ಅದೇ ದಿನ ಹುಣ್ಣಿಮೆ. ಇದೆಲ್ಲ ಆಗ ಹೊರಬಿತ್ತು. ಪ್ರವಾಸವೂ ಆಗುತ್ತದೆ, ಹಬ್ಬವೂ ಆಗುತ್ತದೆ ಎಂಬುದು ದುಂಡೇಶನ ಯೋಜನೆ.

‘ರಜಾ ಅಂದ್ರ ಎಲ್ಲಾ ಕಡೆ ರಜಾನ ಏನು?’ ಎಂದು ಕೇಳಿದಳು ನಂದಾ.

‘ಅದ ನಾ ಹೆಂಗ ಹೇಳ್ಲಿರಿ. ನಾ ಸಾಲಿ ಗಾಡಿ ಹೊಡ್ಯಾಂವ,’ ಎಂದ ಅವನು, ಕಡುಬಿಗೆ ತುಪ್ಪ ಹಾಕಿಸಿಕೊಳ್ಳುತ್ತ.

ಮುಂದಿನ ಎರಡು ತಾಸು ನಂದಾ ಅನುಭವಿಸಿದ ಸಂಕಟವನ್ನು ಹೇಳಿ ಮುಗಿಸಲಾಗದು. ಹಣಮವ್ವ ಅವಳನ್ನು ಎಲೆಯ ಮುಂದೆ ಕೂರಿಸಿ ನಂದಾಳ ತೊಡೆಯ ಮೇಲೆ ಒಂದು ಕೈ ಒತ್ತಿಕೊಂಡೇ ಬಡಿಸಿದಳು. ಏಳಲು ದಾರಿಯೇ ಇರಲಿಲ್ಲ. ಗಿರಮಲ್ಲಪ್ಪ ಮೂವರು ಮಕ್ಕಳನ್ನೂ ಕರೆದುಕೊಂಡು ಚರಗ ಚೆಲ್ಲಲು ಹೊಲ ಸುತ್ತಲು ಹೋದ. ಮುಂದೆ ಒಬ್ಬರು ಎಡೆಯ ಅನ್ನ, ಕಡುಬಿನ ಚೂರು ಬೀರುವುದು, ಹಿಂದೆ ಒಬ್ಬರು ನೀರು ಚಿಮುಕಿಸುವುದು, ಎಲ್ಲರೂ ಕೂಡಿ ‘ಹುಲ್ಲುಲ್ಲಿಗೋ’ ಎಂದು ಕೂಗುವುದು. ದೂರದಿಂದ ಭಾಗ್ಯಾಳ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಆಮೇಲೆ ಮಕ್ಕಳು ಕಬ್ಬಿನ ಪಡದಲ್ಲಿ ಕಾಣೆಯಾದರು, ಪಂಪಿನ ಮನೆಯ ಹತ್ತಿರ ಪ್ರತ್ಯಕ್ಷರಾದರು, ಕುರಿದಡ್ಡಿಯ ಕಡೆ ಓಡಿದರು. ಹೋಗುವ ಹೊತ್ತು ಮೀರುತ್ತಿದೆ, ನಾಯಿ ನೋಡಬೇಕು, ಸಕ್ಕರೆ ನೋಡಬೇಕು, ನೀರು ನೋಡಬೇಕು, ಇವು ಇಲ್ಲಿ ಆಟ ಆಡುತ್ತಿವೆಯಲ್ಲ ಎಂದು ನಂದಾ ಕುದಿಯುತ್ತಿದ್ದಳು. ಆ ಕುದಿಯಲ್ಲಿ, ತನ್ನ ಎಲೆಯ ಹತ್ತಿರ ಬಂದು ಕೂತ ಒಂದು ಉದ್ದ ಕಾಲಿನ, ಸಪೂರ ಹೊಟ್ಟೆಯ ನಾಯಿಯನ್ನು ‘ಹಚಾ’ ಎಂದು ಗದರಿಸಿ ಓಡಿಸಿದಳು. ನಾಯಿ ಒಂದೇ ನೆಗೆತಕ್ಕೆ ಬದು ಹಾರಿ ಹೋಯಿತು.

ತಿಮ್ಮಾಪುರ ಮುಟ್ಟಿದಾಗ ಎರಡು ಗಂಟೆ. ನಾಯಿಗಳನ್ನು ಸಾಕುವ ಕೇಂದ್ರದ ಗೇಟು ಹಾಕಿತ್ತು. ಕಾವಲುಗಾರ ಅಪ್ಪಾಸಾಬ ಎದುರು ಹೊಲದಲ್ಲಿ ಉಣ್ಣುತ್ತಿದ್ದವನು ಕೈ ತೊಳೆಯದೆ ಎದ್ದು ಬಂದ. ಇವತ್ತು ಸರಕಾರಿ ರಜೆ, ತೋರಿಸುವವರು ಇಲ್ಲ, ಸೋಮವಾರ ಬನ್ನಿ ಎಂದು ಬಹಳ ಮರ್ಯಾದೆಯಿಂದ ತಿಳಿಸಿದ. ಗೇಟಿನ ಆಚೆಯಿಂದ ಒಂದು ನಾಯಿ ಬೊಗಳಿದ್ದು ಕೇಳಿಸಿತು. ಅಷ್ಟನ್ನಾದರೂ ಟಿಪ್ಪಣಿ ಮಾಡಿಕೊಳ್ಳಿ ಎಂದು ಶೀತಲ್ ಮಕ್ಕಳಿಗೆ ಹೇಳಿದಳು. ಅಪ್ಪಾಸಾಬ ಅವರನ್ನು ಹಾಗೇ ಕಳಿಸಲು ಒಪ್ಪಲಿಲ್ಲ. ಎದುರು ಹೊಲದವರು ಆಗಲೇ ಆರು ಎಲೆ ಹಾಕಿಯಾಗಿತ್ತು.

ಸಮೀರವಾಡಿಯ ದಾರಿ ಹಿಡಿದಾಗ ಮೂರೂವರೆ. ಕಬ್ಬು ನುರಿಸುವ ಹಂಗಾಮು ಇನ್ನೂ ಶುರುವಾಗಿರಲಿಲ್ಲ. ಕಾರ್ಖಾನೆಯ ಚಿಮಣಿ ಉಪವಾಸದ ದಿನದ ಒಲೆಯ ಹಾಗೆ ತಣ್ಣಗೆ ನಿಂತಿತ್ತು. ಹಂಗಾಮು ಯಾವಾಗ ಶುರು ಎಂಬುದೂ ಶೀತಲ್‌ಳ ಪಟ್ಟಿಯಲ್ಲಿ ಇರಲಿಲ್ಲ. ತುಬಚಿಯ ಮಾತನ್ನು ಯಾರೂ ಎತ್ತಲಿಲ್ಲ. ಅದು ಇನ್ನೊಂದು ದಿಕ್ಕಿಗೆ, ಇನ್ನೊಂದು ತಾಲ್ಲೂಕಿನಲ್ಲಿ, ಇನ್ನೊಂದು ಜನ್ಮದಲ್ಲಿ ಇತ್ತು.

ಟಂಟಂ ಬನಹಟ್ಟಿಯ ಕಡೆ ತಿರುಗಿತು. ಐದು ಗಂಟೆಗೆ ಪರೀಕ್ಷೆ. ಮೂರು ವಿಷಯ. ನೋಡಿದ್ದು ಸೊನ್ನೆ.

‘ಇನ್ನ ಬಾಯಿಪಾಠ ಒಂದ ದಾರಿ,’ ಎಂದಳು ಶೀತಲ್. ಚೀಲದಿಂದ ಹೊದಿಕೆ ಹಾಕಿದ ಹಾಳೆ ತೆಗೆದಳು. ನಂದಾ ಮಗಳನ್ನು ಎದುರು ಕೂರಿಸಿಕೊಂಡು ಓದಿದಳು: ಮುಧೋಳ ನಾಯಿ ಒಂದು ಬೇಟೆ ನಾಯಿ. ಅದರ ಕಾಲುಗಳು ಉದ್ದವಾಗಿರುತ್ತವೆ. ನಾಲ್ಕು ಊಟ ಉಂಡ ಹುಡುಗಿ, ಕಣ್ಣು ಅರ್ಧ ಮುಚ್ಚಿಕೊಂಡು, ಮುಧೋಳ ನಾಯಿ ಒಂದು ಬೇಟೆ ನಾಯಿ, ಅದರ ಕಾಲುಗಳು ಎಂದಳು. ಇನ್ನೊಮ್ಮೆ ಹೇಳು ಎಂದಳು ನಂದಾ. ಇನ್ನೊಮ್ಮೆ. ‘ಅವ್ವಾ, ಅದಕ್ಕ ಕಾಲ ಯಾಕ ಉದ್ದ ಅಂದ್ರ...’ ಎಂದು ಭಾಗ್ಯಾ ಏನೋ ಹೇಳಹೊರಟಳು. ‘ಈಗ ಅದೆಲ್ಲಾ ಬ್ಯಾಡ. ಹಾಳ್ಯಾಗ ಬರದಿದ್ದಷ್ಟ ಹೇಳು,’ ಎಂದು ನಂದಾ ಗದರಿದಳು.

ಗದರಿದ ಮೇಲೆ ಆ ಮಾತು ಅವಳ ಕಿವಿಗೆ ಬಿತ್ತು. ಇದೇ ಮಾತು ಕೇಳಬಾರದು ಎಂದಲ್ಲವೇ ಮಗಳನ್ನು ಶಾಲೆ ಬಿಡಿಸಿದ್ದು. ಹಾಳೆ ಮಡಚಲು ನೋಡಿದಳು, ಪ್ಲಾಸ್ಟಿಕ್ ಮಡಚಲಿಲ್ಲ. ಅದನ್ನು ಶೀತಲ್‌ಳ ಕೈಗೆ ಕೊಟ್ಟು ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ‘ಮಲ್ಕೋ. ಆಗಿದ್ದ ಆಗಲಿ.’ ಹೋದರೆ ಹೋಯಿತು, ಇನ್ನು ಹದಿನೈದು ದಿನವಾದರೂ ಮಗಳು ತನ್ನ ಜೊತೆ ಇರುತ್ತಾಳಲ್ಲ ಎಂದು ಅವಳ ತಲೆಗೂದಲಲ್ಲಿ ಸಿಕ್ಕಿದ್ದ ಜೋಳದ ಗರಿಯ ಚೂರು ಬಿಡಿಸುತ್ತ ಕೂತಳು.

ಓಣಿಯಲ್ಲಿ ಟಂಟಂ ನಿಂತಾಗ ಕಟ್ಟೆಯ ತುಂಬ ಜನ. ಪರೀಕ್ಷೆ ನೋಡಲು ಯಾರೂ ಆಮಂತ್ರಣ ಕೊಟ್ಟಿರಲಿಲ್ಲ. ಆಮಂತ್ರಣ ಕೊಟ್ಟ ಮದುವೆಗೆ ಇಷ್ಟು ಜನ ಬರುವುದೂ ಕಷ್ಟ. ಬಸಗೊಂಡಪ್ಪ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಗ್ಗದ ಮನೆಯಲ್ಲಿ ಕೂಡ ಸದ್ದು ನಿಂತಿತ್ತು. ಮಾಂತೇಶ ಬಾಗಿಲಿಗೆ ಬಂದು ನಿಂತಿದ್ದ. ಹಾಗಾದರೆ ವಿಷಯ ಗಂಭೀರವೇ.

ಮಾಸ್ತರು ಚೀಟಿ ನೋಡಿ ಕೇಳಿದರು, ‘ಮೊದಲನೇ ವಿಷಯ. ತಿಮ್ಮಾಪುರದಾಗ ನಾಯಿ ನೋಡಿದಿ?’

‘ಇಲ್ರಿ. ಗೇಟ ಹಾಕಿತ್ರಿ,’ ಎಂದಳು ಭಾಗ್ಯಾ.

ಕಟ್ಟೆಯ ಮೇಲೆ ಒಂದು ಉಸಿರು ಓಡಾಡಿತು. ಮಲಕಾಜಪ್ಪ ಸೊಸೆಯ ಕಡೆ ನೋಡಿದ. ನಂದಾ ಕಾಲಿನ ಹೆಬ್ಬೆರಳು ನೋಡಿಕೊಂಡಳು.

‘ತಿಮ್ಮಾಪುರದಾಗ ನೋಡ್ಲಿಲ್ರಿ. ಭೀಮಶಿ ಅವರ ಅಜ್ಜಾನ ಹೊಲದಾಗ ನೋಡಿದ್ನಿ. ಅಲ್ಲಿ ಮುಧೋಳ ನಾಯಿ ಇತ್ತು. ಅವ್ವ ಅದನ್ನ ಹಚಾ ಅಂತ ಓಡಿಸಿದ್ಲು.’

ಆಮೇಲೆ ಹುಡುಗಿಯನ್ನು ನಿಲ್ಲಿಸುವವರೇ ಇರಲಿಲ್ಲ. ನಾಯಿಗೆ ಕಾಲು ಯಾಕೆ ಉದ್ದ, ಓಡುವಾಗ ಬೆನ್ನು ಬಿಲ್ಲಿನ ಹಾಗೆ ಹೇಗೆ ಬಾಗುತ್ತದೆ, ತಲೆ ತಿರುಗಿಸದೆ ಪಕ್ಕದ ಕುರಿಯನ್ನು ಹೇಗೆ ನೋಡುತ್ತದೆ ಎಂದು ಹೇಳಿದಳು. ಹೇಳುವುದು ಸಾಲದೆಂದು ಕಟ್ಟೆಯಿಂದ ಜಿಗಿದು ಓಡಿ ತೋರಿಸಿದಳು. ಕಬ್ಬಿನ ಬುಡ ಸಿಹಿ, ತುದಿ ಸಪ್ಪೆ, ಯಾಕೆಂದರೆ ತುದಿ ಇನ್ನೂ ಬೆಳೆಯುತ್ತಿರುತ್ತದೆ. ತಾನು ಆರು ಜಲ್ಲೆ ಕಡಿದು ನೋಡಿ ಖಾತ್ರಿ ಮಾಡಿಕೊಂಡೆ ಎಂದಳು. ಗಿರಮಲ್ಲಪ್ಪನ ಪಂಪು ತಗ್ಗಿನ ಹಳ್ಳದ ನೀರನ್ನು ದಿಬ್ಬಕ್ಕೆ ಎಳೆಯುವುದು ಹೇಗೆ, ಒಂದೊಂದು ಸಲ ಅದು ನೀರು ಬಿಟ್ಟು ಗಾಳಿ ಕುಡಿದು ಸುಮ್ಮನಾಗುವುದು ಯಾಕೆ ಎಂದು ಕೈಯನ್ನೇ ಪೈಪು ಮಾಡಿ ವಿವರಿಸಿದಳು. ಕೊನೆಗೆ ಹೊಲದ ಸುತ್ತಳತೆ ತನ್ನ ಹೆಜ್ಜೆಯಲ್ಲಿ ಎಷ್ಟು, ಗಿರಮಲ್ಲಪ್ಪನ ಹೆಜ್ಜೆಯಲ್ಲಿ ಎಷ್ಟು, ಎರಡೂ ಬೇರೆ ಯಾಕೆ, ಯಾರದು ಖರೆ ಎಂದು ಮಾಸ್ತರರಿಗೇ ಪ್ರಶ್ನೆ ಹಾಕಿದಳು.

ಮೂವತ್ತೆಂಟು ವರ್ಷದ ಸೇವೆಯಲ್ಲಿ ಮಾಸ್ತರರಿಗೆ ಪ್ರಶ್ನೆ ಹಾಕಿದವರು ಯಾರೂ ಇರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು.

‘ಮಲಕಾಜಪ್ಪಾ, ಈ ಕೂಸನ್ನ ಸಾಲಿಗೆ ಹಾಕಿದಿ ಅಂದ್ರ ಪಾಪ ಬರತೈತಿ ನೋಡು,’ ಎಂದರು.

ಮಲಕಾಜಪ್ಪ ಮೊಮ್ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡ. ನಂದಾಳ ಕಣ್ಣು ತುಂಬಿದವು. ಅಲ್ಲಿಗೆ ಎಲ್ಲರೂ ಎದ್ದು ಮನೆಗೆ ಹೋಗಿದ್ದರೆ ಇದೊಂದು ಸುಖಾಂತ ಕತೆಯಾಗುತ್ತಿತ್ತು. ಆದರೆ ಬನಹಟ್ಟಿಯಲ್ಲಿ ಕಟ್ಟೆಗೆ ಬಂದ ಜನ ಅಷ್ಟು ಬೇಗ ಏಳುವುದಿಲ್ಲ. ಮೊದಲು ಪಕ್ಕದ ಮನೆಯ ರತ್ನಾಬಾಯಿ, ಹಾಗಾದರೆ ತನ್ನ ಇಬ್ಬರು ಮೊಮ್ಮಕ್ಕಳನ್ನೂ ಇಲ್ಲಿಗೇ ಕಳಿಸುತ್ತೇನೆ ಎಂದಳು. ಆಮೇಲೆ ಹಿಂದಿನ ಓಣಿಯವರು ಮೂವರ ಹೆಸರು ಹೇಳಿದರು. ಮಾಸ್ತರು ಪ್ರಶ್ನೆಯ ಚೀಟಿ ಹಿಂದೆ ತಿರುಗಿಸಿ ಹೆಸರು ಬರೆದುಕೊಳ್ಳತೊಡಗಿದರು. ಚೀಟಿ ಸಾಲದೆ ಬಂತು.

ಅವರ ಬೆನ್ನು ಎಷ್ಟು ನೆಟ್ಟಗಾಗಿತ್ತೆಂದರೆ, ನಿವೃತ್ತಿಯ ಆದೇಶ ವಾಪಸಾದ ಹಾಗಿತ್ತು. ಇಂಥ ಕಲಿಕೆಗೆ ಒಂದು ಶಿಸ್ತು ಬೇಕ್ರೆಪ್ಪಾ ಎಂದರು. ನೇಯ್ಗೆಯ ಹಾಸು ನೂಲು ಸುತ್ತುವ ಪಡಸಾಲೆಯನ್ನು ಮಲಕಾಜಪ್ಪ ಅಲ್ಲೇ ಬಿಟ್ಟುಕೊಟ್ಟ. ಹೊರಗಿನ ಮಕ್ಕಳನ್ನು ತರುವುದು ದುಂಡೇಶನ ಪಾಲಿಗೆ. ಹಾಜರಿ ಪಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸುವುದು ಶೀತಲ್‌ಳ ಪಾಲಿಗೆ. ಈಶ್ವರನನ್ನು ದಿನಾ ಕಳಿಸುತ್ತೇನೆ, ನನಗೂ ಸ್ವಲ್ಪ ಪುರುಸೊತ್ತು ಸಿಕ್ಕೀತು ಎಂದು ಅವಳು ಐದು ತಿಂಗಳಲ್ಲಿ ಮೊದಲ ಸಲ ಮನಸ್ಸು ಬಿಚ್ಚಿ ನಕ್ಕಳು.

ನಂದಾ ಎದ್ದು ನಿಂತು, ‘ಸರ್, ನಾ ಏನ ಕಲಸ್ಲಿ?’ ಎಂದು ಕೇಳಿದಳು.

ಮಾಸ್ತರು ಭಾಗ್ಯಾಳ ಕಡೆ ತಿರುಗಿ, ಹೊಲದವರೆಲ್ಲ ಇಷ್ಟು ಕಲಿಸುವಾಗ ನಿಮ್ಮವ್ವ ಏನು ಮಾಡುತ್ತಿದ್ದಳು ಎಂದು ಕೇಳಿದರು.

‘ಅವ್ವ ಗಡಿಯಾರ ನೋಡಕೋತ ಉಣ್ಣಾಕತ್ತಿದ್ಲು ರಿ,’ ಎಂದಳು ಭಾಗ್ಯಾ. ಸುಳ್ಳು ಹೇಳಬಾರದು ಎಂದು ಕಲಿಸಿದವಳು ನಂದಾಳೇ.

‘ಹಂಗಾರ ಇಷ್ಟೆಲ್ಲಾ ಕಲ್ತದ್ದು ಯಾರಿಂದ? ಊಟಕ್ಕ ಕರದವರಿಂದ,’ ಎಂದರು ಮಾಸ್ತರು. ‘ಊಟ ಇದ್ದಲ್ಲಿ ಕಲಿಕಿ ಐತಿ. ಅಡಗಿ ನಿಂದ ನೋಡವಾ. ಹನ್ನೆರಡೂವರಿಗೆ ಬರೋಬ್ಬರಿ ಎಲಿ ಬೀಳಬೇಕು.’

ರುಕ್ಮವ್ವ ಅಂದೇ ದೊಡ್ಡ ಪಾತ್ರೆ ಅಟ್ಟದಿಂದ ಇಳಿಸಿದಳು.

ಮೂರು ದಿನಕ್ಕೆ ಹದಿನೇಳು ಮಕ್ಕಳಾದವು, ವಾರಕ್ಕೆ ಇಪ್ಪತ್ತಮೂರು. ಪಡಸಾಲೆಯಿಂದ ನಗು, ಓಟ, ಪ್ರಶ್ನೆ, ಭಾಗ್ಯಾಳ ದನಿ ಎಲ್ಲವೂ ಅಡಿಗೆಮನೆಗೆ ಕೇಳಿಸುತ್ತಿದ್ದವು. ಮಾಸ್ತರು ಹೊರಗಿನ ಹೊಲ, ಹಳ್ಳ, ಕುರಿದಡ್ಡಿ ಎಲ್ಲವನ್ನೂ ಪಾಠ ಮಾಡಿಕೊಂಡಿದ್ದರು. ಭಾಗ್ಯಾ ಮುಂಜಾನೆ ಕಣ್ಣು ಪೂರ್ತಿ ಬಿಡುವ ಮೊದಲೇ ಪಾಟಿಚೀಲ ಹುಡುಕುತ್ತಿದ್ದಳು. ನಂದಾ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತಮೂರು ಮಕ್ಕಳಿಗೆ ತಲೆಗೆ ಎರಡರಂತೆ. ಅವು ತಿಂದು ಎದ್ದ ಮೇಲೆ ಪಾತ್ರೆ, ಪಾತ್ರೆಯ ನಂತರ ನಾಳೆಯ ಕಾಳು ನೆನೆಹಾಕುವುದು. ಮಗಳು ರಾತ್ರಿ ಊಟದ ಹೊತ್ತಿಗೆ ದಣಿದು ಅಜ್ಜನ ಮಡಿಲಲ್ಲೇ ಮಲಗಿಬಿಡುತ್ತಿದ್ದಳು.

ಎಂಟನೆಯ ದಿನ ನಂದಾ ಪಡಸಾಲೆಯ ಬಾಗಿಲಿಗೆ ಬಂದು, ನಾಳೆ ಒಂದು ದಿನ ಬಿಡುವು ಕೊಡಿ ಎಂದು ಕೇಳಿದಳು. ಬಾಯಿಮಾತಿನಲ್ಲಿ ರಜೆ ಇಲ್ಲ, ಅರ್ಜಿ ಬರೆದು ಕೊಡು, ಮನೆಯ ಹಿರಿಯರ ಸಹಿ ಹಾಕಿಸು ಎಂದರು ಮಾಸ್ತರು. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬರೆದಳು. ರುಕ್ಮವ್ವ ಓದಿಸಿಕೊಂಡು, ನಕ್ಕು, ಹೆಬ್ಬೆಟ್ಟು ಒತ್ತಿದಳು. ಅರ್ಜಿಯಲ್ಲಿ ಕಾರಣ ಎಂಬ ಕಡೆ ನಂದಾ ಬರೆದದ್ದು ಇಷ್ಟೇ: ಮಗಳ ಜೊತೆ ಕೂತು ಮಾತಾಡಬೇಕಾಗಿದೆ.

ಅರ್ಧ ತಾಸಿನಲ್ಲಿ ಅರ್ಜಿ ವಾಪಸು ಬಂತು. ತಂದವಳು ಭಾಗ್ಯಾಳೇ. ‘ತಗೋ ಅವ್ವಾ, ಸರ್ ಕೊಟ್ಟಾರ,’ ಎಂದು ರೊಟ್ಟಿಬುಟ್ಟಿಯ ಮೇಲಿಟ್ಟು, ಹಳ್ಳಕ್ಕೆ ಹೋಗುವ ಹೊತ್ತಾಯಿತೆಂದು ಹಿಂದೆ ನೋಡದೆ ಓಡಿದಳು. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ‘ಕಾರಣ ಸಮರ್ಪಕವಾಗಿಲ್ಲ.’